ಅಕ್ಕ ಕೊಟ್ಟ ನಿದ್ದೆ ಮಾತ್ರೆ

ತೊಂಬತ್ತರ ದಶಕದ ಕೊನೆ. ಎಲ್ಲಿ ನೋಡಿದರೂ ಹೊಸ ಡಾಟ್-ಕಾಂ ಕಂಪನಿಗಳ ಬೋರ್ಡು. ಆಗ ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಪ್ರಿವೆನ್ಷನ್ ಕೌನ್ಸೆಲರ್ ಆಗಿದ್ದೆ. ತಿಪಟೂರಿನಲ್ಲಿ ಅರ್ಧಕ್ಕೆ ಬಿಟ್ಟ ಓದನ್ನು ನಡುವಯಸ್ಸಿನಲ್ಲಿ ಮುಗಿಸಿದ ಮೇಲೆ ಸಿಕ್ಕ ಕೆಲಸ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಕೆಲವರು ಆ ನೆನಪಿನಿಂದ ತಪ್ಪಿಸಿಕೊಳ್ಳಲು ಕುಡಿತಕ್ಕೋ ಮಾತ್ರೆಗೋ ಒಗ್ಗಿಬಿಡುತ್ತಾರೆ. ಹಾಗಾಗದಂತೆ ಮೊದಲೇ ಜೊತೆ ನಿಲ್ಲುವುದು ನಮ್ಮ ಹೊಣೆ.

ಶೈಲಾ ಹಾಸನದ ಹುಡುಗಿ, ಹೆಸರು ಬದಲಿಸಿದ್ದೇನೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ, ಮೌಂಟನ್ ವ್ಯೂನಲ್ಲಿ ಅಕ್ಕ-ಭಾವನ ಮನೆಯಲ್ಲಿ ವಾಸ. ಪರಿಚಯದವನೊಬ್ಬ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಅವಳು ಕ್ಲಿನಿಕ್ಕಿಗೆ ಬಂದ ಮೊದಲ ದಿನ, ನನ್ನಂಥ ಗಂಡಸಿನ ಹತ್ತಿರ ಮಾತಾಡುವುದು ಕಷ್ಟವಾದರೆ ಬೇರೆಯವರನ್ನು ಕರೆಸುತ್ತೇವೆ ಎಂದೆವು. "ಕನ್ನಡದಲ್ಲೇ ಹೇಳ್ಕೋಬೇಕು ನಂಗೆ. ಸಿಸ್ಟರೂ ಇರ್ಲಿ," ಎಂದಳು. ನರ್ಸ್ ಪಕ್ಕದಲ್ಲೇ ಕೂತರು.

ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಡ್ರಗ್ಸ್, ಆಲ್ಕೋಹಾಲ್ ಏನಾದರೂ?

"ಏನ್ಸಾರ್ ನೀವು! ನಮ್ಮನೇಲಿ ಕಾಫಿ ಎರಡನೇ ಸಲ ಕೇಳಿದ್ರೇ ಅಮ್ಮ ಬೈತಾರೆ."

ಅವಳು ಸುಳ್ಳು ಹೇಳಲಿಲ್ಲ. ಆದರೂ ಮೂರನೇ ಭೇಟಿಯ ಹೊತ್ತಿಗೆ ಅವಳ ಮಾತು ತೊದಲುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ನಿದ್ದೆಯಿಲ್ಲದ ಆಯಾಸ ಇರಬಹುದೆಂದು ಡಾಕ್ಟರು ನಿದ್ದೆಗೊಂದು ಔಷಧಿ ಬರೆಯಲು ಹೊರಟಿದ್ದರು. ಅಷ್ಟರಲ್ಲಿ ಕರೆದೊಯ್ಯಲು ಬಂದ ಅಕ್ಕ ಪುಷ್ಪಾ ಬಾಗಿಲಲ್ಲೇ ಕೇಳಿದರು:

"ಮಧ್ಯಾಹ್ನದ್ ಮಾತ್ರೆ ತಗೊಂಡ್ಯೇನೇ?"

ಯಾವ ಮಾತ್ರೆ ಎಂದೆ. ಪುಷ್ಪಾ ಸಂಕೋಚವಿಲ್ಲದೆ ಪರ್ಸಿನಿಂದ ಒಂದು ಸ್ಟ್ರಿಪ್ ತೆಗೆದರು. ಊರಿಂದ ಬರುವ ಪ್ರತಿಯೊಬ್ಬರ ಸೂಟ್‌ಕೇಸಿನಲ್ಲೂ ಚಟ್ನಿಪುಡಿಯ ಪಕ್ಕ ಮಾತ್ರೆಗಳ ಒಂದು ಕವರ್ ಇರುತ್ತಿದ್ದ ಕಾಲ ಅದು. ಯಾರಿಗೆ ತಲೆನೋವು ಬಂದರೂ ಅದರಿಂದಲೇ ಹಂಚಿಕೆ. ಇದು ಅವರ ಅತ್ತೆಗೆ ಬರೆದುಕೊಟ್ಟ ನಿದ್ದೆ ಮಾತ್ರೆ, ಅಭ್ಯಾಸ ಹಿಡಿಸುವ ಜಾತಿಯದು. ಡಾಕ್ಟರ ಔಷಧಿಯೂ ಅದರ ಜೊತೆ ಸೇರಿದ್ದರೆ ಉಸಿರಿಗೇ ಅಪಾಯವಿತ್ತು.

ಶೈಲಾಳ ಒಪ್ಪಿಗೆ ಪಡೆದು ಇಬ್ಬರನ್ನೂ ಕೂರಿಸಿ ವಿಷಯ ತಿಳಿಸಿದೆ. ಪುಷ್ಪಾ ಕೆರಳಿದರು.

"ನಾನೇನು ವಿಷ ಕೊಟ್ನಾ ಸಾರ್? ಹಗ್ಲೂ ರಾತ್ರಿ ಬೆಚ್ಚಿಬಿದ್ದು ಕಿರುಚ್ತಾಳೆ. ಪಕ್ಕದ ಅಪಾರ್ಟ್‌ಮೆಂಟ್‌ನೋರು ಬಾಗ್ಲು ತಟ್ತಾರೆ. ನೋಡೋಕಾಗಲ್ಲ ನಂಗೆ."

"ಪ್ರೀತಿಯಿಂದ ಕೊಟ್ಟಿದ್ದೀರಿ, ಗೊತ್ತು," ಎಂದೆ. ಮುಂದಿನದನ್ನು ಶೈಲಾಳೇ ಹೇಳಿದಳು, ತೊದಲುತ್ತಲೇ.

"ಅಕ್ಕಾ, ನಾನ್ ನಿದ್ದೆ ಮಾಡಿದ್ರೆ ನಿಂಗೆ ನೆಮ್ಮದಿ. ನಂಗಲ್ಲ. ಎದ್ದಾಗ ಎಲ್ಲಾ ಅಲ್ಲೇ ಇರತ್ತೆ."

ಪುಷ್ಪಾ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟರು. ತಂಗಿಯ ಕಡೆ ತಿರುಗಿದರು.

"ಹಂಗಾದ್ರೆ ಏನ್ಮಾಡ್ಲಿ, ಹೇಳೇ?"

"ನನ್ ರೂಮಲ್ಲೇ ಮಲಕ್ಕೋ. ಕಿರುಚಿದ್ರೆ ಸುಮ್ನಿರು ಅನ್ಬೇಡ."

ಇಂಥ ಮಾತ್ರೆಯನ್ನು ಒಮ್ಮೆಲೇ ಬಿಡುವುದೂ ಅಪಾಯ. ಡಾಕ್ಟರು ಅಳತೆಯನ್ನು ವಾರಗಟ್ಟಲೆ ನಿಧಾನವಾಗಿ ಇಳಿಸಿದರು. ಶೈಲಾ ಕೌನ್ಸೆಲಿಂಗಿಗೆ ತಪ್ಪದೆ ಬಂದಳು. ನಡುವೆ ಕೆಟ್ಟ ದಿನಗಳೂ ಇದ್ದವು. ಕೊನೆಗೆ ಮಾತ್ರೆ ಪೂರ್ತಿ ನಿಂತಿತು, ರಜೆ ಮುಗಿಸಿ ಲ್ಯಾಬಿಗೆ ಮರಳಿದಳು. ಪುಷ್ಪಾ ಮಾತ್ರ ತಿಂಗಳುಗಟ್ಟಲೆ ತಂಗಿಯ ರೂಮಿನ ಕಾರ್ಪೆಟ್ಟಿನ ಮೇಲೇ ಮಲಗಿದರು. "ಗೊರಕೆ ಹೊಡೀತಾಳೆ ಸಾರ್, ಅದಕ್ಕೊಂದು ಮಾತ್ರೆ ಕೊಡಿ," ಎಂದು ಶೈಲಾ ಅಣಕಿಸಿದ ದಿನ ನನಗೆ ಧೈರ್ಯ ಬಂತು.

ಆಮೇಲೆ ನನ್ನ ಮೊದಲ ಪ್ರಶ್ನೆ ಬದಲಾಯಿತು. ಡ್ರಗ್ಸ್ ಎಂಬ ಪದವನ್ನು ಕೊನೆಗಿಟ್ಟೆ. ಈಗ ಮೊದಲು ಕೇಳುವುದು ಇಷ್ಟೇ: "ನಿಮಗೆ ನಿದ್ದೆ ಬರಲಿ ಅಂತ ಮನೆಯಲ್ಲಿ ಯಾರು ಏನು ಕೊಡ್ತಾರೆ? ನೀವು ಎಚ್ಚರವಾಗಿದ್ದಾಗ ಜೊತೆಗೆ ಯಾರು ಕೂರ್ತಾರೆ?"