ತೆಂಗಿನ ಸಾಲಿನ ಮೇಲೆ ಬಂದ ಇಂಟರ್‌ನೆಟ್ಟು

ಮದುವೆಯಾಗಿ ಹಾಲ್ಕುರಿಕೆ ಹತ್ತಿರದ ಈ ತೋಟದ ಮನೆಗೆ ಬರುವಾಗ ನಾನು ತವರಿನಿಂದ ಬೀರು, ಪಾತ್ರೆಗಳ ಜೊತೆಗೆ ಒಂದು ಕಂಪ್ಯೂಟರನ್ನೂ ತಂದೆ. ತುರುವೇಕೆರೆಯಿಂದ ಬಂದ ಗಾಡಿಯಿಂದ ಅದನ್ನು ಇಳಿಸುವಾಗ ಅತ್ತೆ, "ಓದಕ್ಕೇನವ್ವ ಇದು?" ಎಂದು ಕೇಳಿದರು. ಹೂಂ ಎಂದುಬಿಡಬಹುದಿತ್ತು. "ಆಡಕ್ಕೆ ಅತ್ತೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ಆಡು ಬುಡು, ಯಾರು ಬ್ಯಾಡ ಅಂದೋರು" ಎಂದು ಒಳಗೆ ಹೋದರು. ಆ ಮಾತು ಎಷ್ಟು ದೊಡ್ಡದು ಎಂದು ನನಗೆ ಆಗ ಗೊತ್ತಾಗಲಿಲ್ಲ.

ನಾನು ಆಡುವುದು ಐವರು ಐವರ ವಿರುದ್ಧ ಆಡುವ ಆಟ. ಒಂದು ತಂಡ ಒಂದು ಕಟ್ಟಡವನ್ನು ಕಾಯುತ್ತದೆ, ಇನ್ನೊಂದು ಒಳಗೆ ನುಗ್ಗಲು ನೋಡುತ್ತದೆ. ನಮ್ಮ ತಂಡದ ಐವರೂ ತಿಪಟೂರಿನ ಒಂದೇ ಕಾಲೇಜಿನಲ್ಲಿ ಡಿಗ್ರಿ ಓದಿದವರು. ಓದು ಮುಗಿದು ಒಬ್ಬೊಬ್ಬರು ಒಂದೊಂದು ಊರು ಸೇರಿದ ಮೇಲೂ ಸಂಜೆಯ ಹೊತ್ತು ಪರದೆಯ ಮೇಲೆ ಕೂಡುವುದನ್ನು ಬಿಟ್ಟಿರಲಿಲ್ಲ. ನಮ್ಮ ನಾಯಕಿ ಚಿಕ್ಕನಾಯಕನಹಳ್ಳಿಯವಳು. ಹಗಲು ಅಪ್ಪನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಾಳೆ, ಸಂಜೆ ನಮ್ಮನ್ನು ಗದರಿಸಿ ಆಡಿಸುತ್ತಾಳೆ. ನನ್ನ ಮದುವೆಯಾದ ಮರುವರ್ಷ ರಾಜ್ಯದ ಹುಡುಗಿಯರ ತಂಡಗಳಿಗೆಂದೇ ಒಂದು ಪಂದ್ಯಾವಳಿ ನಡೆಯಿತು. ಭಾನುವಾರಗಳಂದು ಅವರವರ ಮನೆಯಿಂದಲೇ ಆಡಬೇಕು. ನಾವು ಸೇರಿಕೊಂಡೆವು, ಗೆಲ್ಲುತ್ತಲೂ ಬಂದೆವು.

ತೊಂದರೆ ಇದ್ದದ್ದು ನನ್ನ ಮನೆಯ ಇಂಟರ್‌ನೆಟ್ಟಿನದು. ಹಿಂದಿನ ಬಾಗಿಲು ಕಾಯುವುದು ತಂಡದಲ್ಲಿ ನನ್ನ ಕೆಲಸ. ಒಂದು ಭಾನುವಾರ ಎದುರಾಳಿಗಳು ಆ ಬಾಗಿಲಿಗೇ ನುಗ್ಗುವ ಹೊತ್ತಿಗೆ ಸರಿಯಾಗಿ ನನ್ನ ಪರದೆ ಕಲ್ಲಿನಂತೆ ನಿಂತಿತು. ಕಿವಿಯಲ್ಲಿ ನಾಯಕಿಯ ದನಿ ಅರ್ಧಕ್ಕೆ ಕಡಿಯಿತು. ಮತ್ತೆ ಸಂಪರ್ಕ ಬಂದಾಗ ಪಂದ್ಯ ಮುಗಿದಿತ್ತು. ಎದುರು ತಂಡದ ಹುಡುಗಿಯೊಬ್ಬಳು, "ಎಲ್ಲಿಂದ ಆಡ್ತಿದೀರಾ, ತೆಂಗಿನ ಮರದ ಮೇಲಿಂದಾನಾ?" ಎಂದು ಬರೆದು ನಗುವ ಮುಖಗಳನ್ನು ಸುರಿದಿದ್ದಳು. ಹಿಂದಿನ ಗೆಲುವುಗಳಿಂದಾಗಿ ಸೆಮಿಫೈನಲ್ ನಮ್ಮ ಕೈತಪ್ಪಲಿಲ್ಲ, ಆದರೆ ಅಲ್ಲಿ ಸಿಕ್ಕಿದ್ದು ಅದೇ ತಂಡ.

ಸಂಜೆ ನಾಯಕಿ ಫೋನ್ ಮಾಡಿದಳು.

"ಬೇಜಾರ್ ಮಾಡ್ಕಬ್ಯಾಡ ಕಣೇ. ಸೆಮಿಫೈನಲ್‌ಗೆ ಬೇರೆ ಹುಡುಗಿ ಒಬ್ಬಳನ್ನ ಕೇಳಿದೀನಿ. ನಿನ್ನ ಆಟಕ್ಕೇನೂ ಅಂತಿಲ್ಲ, ನಿನ್ನ ನೆಟ್ಟು..."

"ಅವಳಿಗೆ ಇನ್ನೂ ಹೂಂ ಅನ್ಬ್ಯಾಡ," ಎಂದೆ. "ಅಷ್ಟ್ರೊಳಗೆ ಸರಿ ಮಾಡ್ತೀನಿ."

"ಕೇಬಲ್‌ನೋರ ಕೈಲೇ ಆಗ್ಲಿಲ್ಲವಲ್ಲೇ."

"ನಾನ್ ಮಾಡ್ತೀನಿ ಬುಡು."

ಹೇಳಿದ್ದೇನೋ ಹೇಳಿದೆ. ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ. ಕೇಬಲ್ ಆಫೀಸಿಗೆ ಹಲವು ಸಲ ಫೋನ್ ಮಾಡಿದ್ದೆ. "ನಮ್ಮ ಕಡೆಯಿಂದ ಲೈನ್ ಸರಿಯಾಗೈತೆ ಕಣ್ರೀ, ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಿದ್ದರು. ಆಫ್ ಮಾಡಿ ಆನ್ ಮಾಡಿದರೆ ಅವರ ಮಾತು ನಿಜವೇ ಆಗುತ್ತಿತ್ತು. ಮಾರನೆಯ ದಿನ ಮತ್ತೆ ಅದೇ ಗೋಳು. ತೊಂದರೆ ಯಾವಾಗ ಬರುತ್ತದೆ, ಎಲ್ಲಿಂದ ಬರುತ್ತದೆ ಎಂದು ನಾನೇ ಹಿಡಿಯದೆ ಯಾರಿಗೂ ಏನನ್ನೂ ಹೇಳಲಾಗುವುದಿಲ್ಲ ಎನ್ನಿಸಿತು.

ಹತ್ತಿರದಿಂದ ಶುರುಮಾಡಿದೆ. ಕಂಪ್ಯೂಟರಿನಿಂದ ಹೊರಟ ಪುಟ್ಟ ಸಂದೇಶವೊಂದು ಆಟ ನಡೆಯುವ ಸರ್ವರ್ ಮುಟ್ಟಿ ವಾಪಸು ಬರಲು ಹಿಡಿಯುವ ಹೊತ್ತಿಗೆ ಪಿಂಗ್ ಎನ್ನುತ್ತಾರೆ. ಅದು ಕಡಿಮೆ ಇದ್ದಷ್ಟೂ, ಒಂದೇ ಸಮ ಇದ್ದಷ್ಟೂ ಒಳ್ಳೆಯದು. ಅಷ್ಟು ದೂರದ ಸರ್ವರ್ ಸದ್ಯಕ್ಕೆ ಬೇಡವೆಂದು ನಮ್ಮ ನಡುಮನೆಯ ಗೋಡೆಗೆ ಹೊಡೆದಿದ್ದ ವೈಫೈ ಡಬ್ಬಿಗೇ ಸಂದೇಶ ಕಳಿಸಿ ನೋಡಿದೆ. ಅಲ್ಲಿಗೆ ಹೋಗಿ ಬರುವುದಕ್ಕೇ ಅದು ಏದುಸಿರು ಬಿಡುತ್ತಿತ್ತು, ಕೆಲವೊಮ್ಮೆ ವಾಪಸೇ ಬರುತ್ತಿರಲಿಲ್ಲ. ಮನೆಯೊಳಗೇ ದಾರಿ ತಪ್ಪುತ್ತಿತ್ತು. ಎದ್ದು ನಡುಮನೆಗೂ ನನ್ನ ಕೋಣೆಗೂ ನಡುವೆ ಏನಿದೆ ಎಂದು ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಎರಡು ಹಳೆಯ ಮಣ್ಣಿನ ಗೋಡೆ, ಒಂದೊಂದೂ ಮೊಳದಷ್ಟು ದಪ್ಪ. ಅವೆರಡರ ನಡುವಿನ ಕೋಣೆಯಲ್ಲಿ ಕೊಬ್ಬರಿಯಾಗಲು ಬಿಟ್ಟ ಕಾಯಿ ಅಟ್ಟದವರೆಗೆ ತುಂಬಿತ್ತು. ವೈಫೈ ಅಷ್ಟನ್ನೆಲ್ಲ ತೂರಿಕೊಂಡು ನನ್ನ ಹತ್ತಿರ ಬರಬೇಕಿತ್ತು.

ಅವತ್ತೇ ತಿಪಟೂರಿಗೆ ಹೋಗಿ ಡಬ್ಬಿಯಿಂದ ಕಂಪ್ಯೂಟರಿಗೆ ನೇರವಾಗಿ ಹಾಕುವ ಉದ್ದನೆಯ ವೈರು ತಂದೆ. ಕಾಯಿಯ ಕೋಣೆಯಲ್ಲಿ ಇಲಿಗಳ ಕಾಟ. ಮಾವ ಹಿತ್ತಿಲಿಂದ ಹಳೆಯ ಪೈಪಿನ ತುಂಡುಗಳನ್ನು ತಂದು ಜೋಡಿಸಿಕೊಟ್ಟರು. ವೈರನ್ನು ಅದರೊಳಗೆ ತೂರಿಸಿ ತೊಲೆಯ ಪಕ್ಕಕ್ಕೆ ಎಳೆದೆವು. ಪಿಂಗ್ ಥಟ್ಟನೆ ಇಳಿಯಿತು. ಆಗ ಆದ ಸಂತೋಷಕ್ಕೆ ಅಡುಗೆಮನೆಗೆ ಓಡಿ ಅತ್ತೆಯ ಕೈ ಹಿಡಿದು ಅಲ್ಲಾಡಿಸಿದೆ. "ಮುಗೀತಾ?" ಎಂದು ಕೇಳಿದರು. ಮುಗಿಯಿತು ಎಂದೆ.

ಮುಗಿದಿರಲಿಲ್ಲ. ಮರುದಿನ ಮಧ್ಯಾಹ್ನ ಅಭ್ಯಾಸದ ಆಟದ ನಡುವೆ ಮತ್ತೆ ಪರದೆ ನಿಂತಿತು. ಹೆಡ್‌ಫೋನ್ ಕಿತ್ತಿಟ್ಟು ತಲೆಗೆ ಕೈಕೊಟ್ಟು ಕೂತಿದ್ದೆ. ಅಡುಗೆಮನೆಯಿಂದ ಅತ್ತೆಯ ಗೊಣಗಾಟ ಕೇಳಿಸಿತು.

"ಈ ಮಿಕ್ಸಿಗೇನ್ ಬಂತು ರೋಗ. ಚಟ್ನಿ ರುಬ್ಬಕ್ ಹಾಕಿದ್ರೆ ಗೊರ ಗೊರ ಅಂತದೆ."

ಎದ್ದು ಹೋದೆ. "ಯಾವಾಗ ಅಂತು ಅತ್ತೆ?"

"ಈಗ್ಲೇ ಕಣವ್ವ. ತ್ರೀ ಫೇಸ್ ಕರೆಂಟ್ ಬಂತಲ್ಲ, ಎಲ್ರೂ ಮೋಟ್ರು ಹಾಕವ್ರೆ."

ಸುತ್ತಲಿನ ತೋಟಗಳ ಬೋರ್‌ವೆಲ್ಲುಗಳಿಗೆ ಕರೆಂಟು ಸರದಿಯ ಮೇಲೆ ಬರುತ್ತದೆ. ಬಂದ ಕೂಡಲೇ ಎಲ್ಲ ಮೋಟರುಗಳೂ ಒಟ್ಟಿಗೇ ಚಾಲೂ ಆಗುತ್ತವೆ, ಮನೆಯ ವೋಲ್ಟೇಜು ಕುಸಿಯುತ್ತದೆ. ಫ್ಯಾನು ನಿಧಾನವಾಗುತ್ತದೆ, ಮಿಕ್ಸಿ ನರಳುತ್ತದೆ. ಅದೇ ಗಳಿಗೆಯಲ್ಲಿ ವೈಫೈ ಡಬ್ಬಿಯೂ ಒಂದು ಸಲ ಸತ್ತು ಹುಟ್ಟುತ್ತಿರಬಹುದೆ? ಅದನ್ನು ನಾನು ಕೋಣೆಯಿಂದ ನೋಡುವಂತಿರಲಿಲ್ಲ. ಅತ್ತೆಗೆ ಡಬ್ಬಿಯ ದೀಪಗಳನ್ನು ತೋರಿಸಿ ಹೇಳಿಕೊಟ್ಟೆ: ಎಲ್ಲ ದೀಪವೂ ಆರಿ ಮತ್ತೆ ಹತ್ತಿದರೆ ಅದು ಕರೆಂಟಿನ ತೊಂದರೆ, ಉಳಿದವು ಉರಿಯುತ್ತಿದ್ದು ಕೆಂಪು ದೀಪ ಮಿಣುಕಿದರೆ ಹೊರಗಿನಿಂದ ಬರುವ ತಂತಿಯ ತೊಂದರೆ.

"ಅಷ್ಟೇ ತಾನೇ, ನೋಡ್ತೀನಿ," ಎಂದು ಅತ್ತೆ ಅಕ್ಕಿ ಆರಿಸುವ ಮೊರ ಎತ್ತಿಕೊಂಡು ಬಂದು ಡಬ್ಬಿಯ ಎದುರು ಕುಳಿತರು.

ಮತ್ತೆ ಮೋಟರುಗಳು ಚಾಲೂ ಆದಾಗ ಅವರ ಕೂಗು ಕೇಳಿಸಿತು. "ಎಲ್ಲಾ ಹೋಯ್ತು ಕಣೇ. ಈಗ ಒಂದೊಂದಾಗಿ ಬತ್ತಾವೆ."

ಡಬ್ಬಿಗೆಂದೇ ಸಿಗುವ ಪುಟ್ಟ ಬ್ಯಾಟರಿಯನ್ನು ನಮ್ಮ ಮನೆಯವರು ತಿಪಟೂರಿನಿಂದ ತಂದರು. ಕೊಬ್ಬರಿ ಮಾರ್ಕೆಟ್ಟಿಗೆ ಹೋದವರು ಅದನ್ನೂ ಹುಡುಕಿಕೊಂಡು ಬಂದಿದ್ದರು. ಅಂದಿನಿಂದ ಮಿಕ್ಸಿ ಎಷ್ಟು ನರಳಿದರೂ ಡಬ್ಬಿ ಮಾತ್ರ ಅಲ್ಲಾಡಲಿಲ್ಲ. ಆದರೆ ಅತ್ತೆ ಅದರ ಮೇಲೆ ಕಣ್ಣಿಡುವುದನ್ನು ಬಿಡಲಿಲ್ಲ. ಕಸ ಗುಡಿಸುವಾಗ, ದೇವರಿಗೆ ದೀಪ ಹಚ್ಚಿ ತಿರುಗುವಾಗ ಒಮ್ಮೆ ಆ ಕಡೆ ನೋಡಿ ಹೋಗುತ್ತಿದ್ದರು. ಒಳ್ಳೆಯದೇ ಆಯಿತು. ಆಷಾಢದ ಗಾಳಿ ಜೋರಾದ ಒಂದು ಬೆಳಿಗ್ಗೆ ನಾನು ಬಟ್ಟೆ ಒಗೆಯುತ್ತಿದ್ದಾಗ ಅವರೇ ಬಂದು ಹೇಳಿದರು: "ಕೆಂಪು ದೀಪ ಮಿಣುಕ್ತಾ ಅದೆ. ಬಾಕಿ ಎಲ್ಲಾ ಸರಿಯಾಗವೆ."

ಹಾಗಾದರೆ ಹೊರಗಿನ ತಂತಿ. ರಸ್ತೆಯ ಕಂಬದಿಂದ ನಮ್ಮ ಮನೆಯವರೆಗೆ ಅದು ತೆಂಗಿನ ಸಾಲಿನ ಮೇಲೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದೆ. ಅದರೊಳಗಿರುವುದು ಕೂದಲಿನಂಥ ಗಾಜಿನ ಎಳೆ. ಕರೆಂಟು ಹರಿಯುವುದಿಲ್ಲ, ಬೆಳಕು ಹರಿಯುತ್ತದೆ. ಎಲ್ಲಾದರೂ ತೀರಾ ಬಗ್ಗಿದರೆ ಬೆಳಕು ಮುಂದಕ್ಕೆ ಹೋಗುವುದಿಲ್ಲ. ಇಷ್ಟನ್ನು ನಾನು ಓದಿ ತಿಳಿದುಕೊಂಡಿದ್ದೆ. ನಮ್ಮ ಮನೆಯವರನ್ನು ಕರೆದೆ. ಇಬ್ಬರೂ ಕತ್ತು ಎತ್ತಿಕೊಂಡು ಮರದಿಂದ ಮರಕ್ಕೆ ನಡೆದೆವು. ಅಲ್ಲಲ್ಲಿ ಒಣಗರಿ ಬಿದ್ದು ತಂತಿಯ ಮೇಲೆ ಜೋತಾಡುತ್ತಿತ್ತು. ಅದನ್ನು ಅವರು ಕಾಯಿ ಕೀಳುವ ದೋಟಿಯಿಂದ ಎಳೆದು ಕೆಡವಿದರು. ತೆರೆದ ಬಾಗಿಲಲ್ಲಿ ಡಬ್ಬಿ ಕಾಣುವಂತೆ ಜಗಲಿಯಲ್ಲಿ ನಿಂತಿದ್ದ ಅತ್ತೆ, ಕೆಂಪು ದೀಪ ಹಾಗೇ ಮಿಣುಕುತ್ತಿದೆ ಎಂದು ಕೈ ಆಡಿಸಿದರು.

ಬದುವಿನ ಹತ್ತಿರ ಒಂದು ಓರೆ ಮರವಿದೆ. ಅದರ ಬಳಿ ಬಂದಾಗ ನಾನು ನಿಂತೆ. ತಂತಿಯನ್ನು ಅದಕ್ಕೆ ನೈಲಾನ್ ಹಗ್ಗದಿಂದ ಬಿಗಿಯಾಗಿ ಸುತ್ತಿದ್ದರು. ಗಾಳಿಗೆ ಮರ ಆ ಕಡೆ ವಾಲಿದಾಗಲೆಲ್ಲ ತಂತಿ ಬಿಗಿದು, ಗಂಟಿನ ಹತ್ತಿರ ಮೊಣಕೈಯಂತೆ ಮಡಚುತ್ತಿತ್ತು.

"ರೀ, ಅಲ್ಲಿ ನೋಡಿ. ದೋಟಿಯಿಂದ ಆ ತಂತಿನ ಸ್ವಲ್ಪ ಮೇಲಕ್ಕೆತ್ತಿ. ಎಳೀಬೇಡಿ, ಸುಮ್ನೆ ಎತ್ತಿ ಹಿಡ್ಕಳಿ."

ಅವರು ದೋಟಿಯ ತುದಿಯಿಂದ ನಿಧಾನವಾಗಿ ಎತ್ತಿದರು. ಜಗಲಿಯಿಂದ ಅತ್ತೆ ಕೂಗಿದರು: "ಕೆಂಪು ಹೋಯ್ತು."

"ಈಗ ಬುಡಿ."

"ಬಂತು ಕಣವ್ವ, ಮತ್ತೆ ಬಂತು."

ಇನ್ನೊಮ್ಮೆ ಎತ್ತಿಸಿದೆ, ಇನ್ನೊಮ್ಮೆ ಬಿಡಿಸಿದೆ. ಹೋಯ್ತು, ಬಂತು. ನಮ್ಮ ಮನೆಯವರು ದೋಟಿ ಹಿಡಿದು ಮೇಲೆ ನೋಡುತ್ತಲೇ, "ಹಿಡಿದುಬಿಟ್ಟೆ ಕಣೇ" ಎಂದರು. ಮದುವೆಯಾದ ಮೇಲೆ ಅವರು ನನ್ನ ಸೀರೆಯನ್ನು, ಅಡುಗೆಯನ್ನು ಹೊಗಳಿದ್ದುಂಟು. ಅವತ್ತಿನ ದನಿ ಬೇರೆಯೇ ಇತ್ತು. ಆ ಓರೆ ಮರದ ಬುಡದಲ್ಲಿ ನಿಂತು ನಾನು ಮನಸ್ಸಿನಲ್ಲೇ ಹಿಗ್ಗಿದೆ.

ಕೇಬಲ್ ಆಫೀಸಿಗೆ ಈ ಸಲ ಫೋನ್ ಮಾಡಿದಾಗ ನಾನು ನೆಟ್ ಬರುತ್ತಿಲ್ಲ ಎನ್ನಲಿಲ್ಲ. ಯಾವ ಮರ, ಯಾವ ಗಂಟು, ಎತ್ತಿದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ ಎಂದು ಹೇಳಿದೆ. ಆ ಕಡೆಯವರು ಮರದ ಗುರುತನ್ನು ಇನ್ನೊಮ್ಮೆ ಕೇಳಿಕೊಂಡು, "ಬತ್ತೀವಿ ಕಣಮ್ಮ" ಎಂದರು. ಸಂಜೆಯೊಳಗೆ ಇಬ್ಬರು ಬಂದು, ಹಗ್ಗ ಸಡಿಲ ಮಾಡಿ ಕಟ್ಟುತ್ತೇವೆ ಎಂದರು. ಪಕ್ಕದಲ್ಲೇ ನಿಂತಿದ್ದ ಮಾವ ಅದಕ್ಕೆ ಒಪ್ಪಲಿಲ್ಲ.

"ಮರ ಅಂದ್ಮೇಲೆ ಅಲ್ಲಾಡ್ದೆ ಇರ್ತದಾ? ಇಲ್ಲಿ ಸಡಿಲ ಮಾಡಿದ್ರೆ ಇನ್ನೊಂದು ಕಡೆ ಬಿಗಿಯಾಯ್ತದೆ. ನೆಲದೊಳಗೆ ಹಾಕಕ್ಕಾಗಲ್ವಾ?"

"ಚರಂಡಿ ತೆಗೆಸಿ ಪೈಪ್ ಹಾಕ್ಕೊಟ್ರೆ ಹೊಸ ತಂತಿ ಎಳ್ಕೊಡ್ತೀವಿ ಯಜಮಾನ್ರೇ."

ಮಾವ ನನ್ನ ಕಡೆ ತಿರುಗಿ, "ಏನಮ್ಮ, ಸರಿಯಾಯ್ತದಾ ಹಂಗೆ ಮಾಡಿದ್ರೆ?" ಎಂದು ಕೇಳಿದರು. ಬಂದವರಿಬ್ಬರೂ ನನ್ನ ಉತ್ತರಕ್ಕೆ ಕಾದರು. ಈ ಮನೆಯಲ್ಲಿ ಒಂದು ನಿರ್ಧಾರಕ್ಕೆ ನನ್ನ ಮಾತಿಗಾಗಿ ಕಾದದ್ದು ಅದೇ ಮೊದಲು. "ಆಯ್ತದೆ ಮಾವ" ಎಂದೆ. ಮರುದಿನ ಮಾವನೂ ನಮ್ಮ ಮನೆಯವರೂ ಬದುವಿನ ಪಕ್ಕ ಗುದ್ದಲಿ ಹಿಡಿದು ಚರಂಡಿ ತೆಗೆದರು, ನಾನು ಮಣ್ಣು ಎಳೆದೆ. ಕೇಬಲ್‌ನವರು ಹೇಳಿದಂತೆಯೇ ಬಂದು ತಂತಿ ಎಳೆದು, ಎರಡೂ ತುದಿ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟರು.

ಆ ಸಂಜೆ ನಾಯಕಿಗೆ ಫೋನ್ ಮಾಡಿ ಪಿಂಗ್ ಎಷ್ಟಿದೆ ಎಂದು ಹೇಳಿದೆ. ಅವಳು ನಂಬಲಿಲ್ಲ. ಎರಡು ಸಂಜೆ ನನ್ನನ್ನು ಆಡಿಸಿ ನೋಡಿದಳು. ಆಮೇಲೆ, "ಆ ಹುಡುಗಿಗೆ ಬ್ಯಾಡ ಅಂತ ಹೇಳ್ದೆ ಕಣೇ. ಹಿಂದಿನ ಬಾಗಿಲು ನಿಂದೇ" ಎಂದಳು.

ಸೆಮಿಫೈನಲ್ ದಿನ ಹೊರಗೆ ಗಾಳಿ ಭೋರೆನ್ನುತ್ತಿತ್ತು. ಮಾವ ಅಂದು ಮೋಟರು ಹಾಕಲಿಲ್ಲ. ಹಾಕಿದರೂ ಈಗ ತೊಂದರೆಯಿಲ್ಲ ಎಂದು ನಾನು ಹೇಳಿದರೂ, "ಇರ್ಲಿ ಬುಡು, ಗಿಡ ಒಂದಿನ ಕಾಯ್ತವೆ" ಎಂದು ಕುರ್ಚಿ ತಂದು ನನ್ನ ಹಿಂದೆ ಕೂತರು. ಎದುರಾಳಿಗಳು ನನ್ನನ್ನು ಮರೆತಿರಲಿಲ್ಲ. ಶುರುವಿನಿಂದಲೂ ನಾನಿದ್ದ ಬಾಗಿಲಿಗೇ ಬಂದರು. ಇವಳು ಈಗ ನಿಲ್ಲುತ್ತಾಳೆ, ಇನ್ನೇನು ನಿಲ್ಲುತ್ತಾಳೆ ಎಂದು ಅವರು ಕಾದಿರಬೇಕು. ನಾನು ನಿಲ್ಲಲಿಲ್ಲ. ಮೊದಲು ನುಗ್ಗಿದವಳನ್ನು ಹೊಡೆದೆ, ಅವಳ ಹಿಂದೆ ಬಂದವಳನ್ನೂ ಹೊಡೆದೆ. ಕಿವಿಯಲ್ಲಿ ನಾಯಕಿ, "ಹಿಡ್ಕೋ ಕಣೇ, ಹಿಡ್ಕೋ, ಬಂದ್ವಿ" ಎನ್ನುತ್ತಿದ್ದಳು. ಒಂದು ಮಾತೂ ಕಡಿಯಲಿಲ್ಲ. ಕೊನೆಯ ಸುತ್ತಿನಲ್ಲಿ ನಮ್ಮ ಕಡೆ ಉಳಿದವಳು ನಾನೊಬ್ಬಳೇ, ಅವರ ಕಡೆ ಇಬ್ಬರು. ಒಬ್ಬಳನ್ನು ಬಾಗಿಲಲ್ಲೇ ಹೊಡೆದೆ, ಇನ್ನೊಬ್ಬಳು ನನ್ನ ಕಡೆ ತಿರುಗುವಷ್ಟರಲ್ಲಿ ಅವಳನ್ನೂ ಹೊಡೆದೆ. ಗೆದ್ದಾಗ ಐವರೂ ಒಟ್ಟಿಗೆ ಕಿರುಚಿದೆವು. ನನ್ನ ದನಿ ಕೇಳಿ ಅತ್ತೆ ನಡುಮನೆಯಿಂದ ಓಡಿಬಂದರು.

"ಏನಾಯ್ತು? ಡಬ್ಬಿ ಸರಿಯಾಗೇ ಅದೆಯಲ್ಲ."

"ಗೆದ್ಳು ಕಣೇ ನಿನ್ನ ಸೊಸೆ," ಎಂದರು ಮಾವ.

ಮುಂದಿನ ಭಾನುವಾರ ಫೈನಲ್‌ನಲ್ಲಿ ನಾವು ಸೋತೆವು. ಮಂಗಳೂರಿನ ತಂಡದವರು ನಮಗಿಂತ ಚೆನ್ನಾಗಿ ಆಡಿದರು. ಆಟ ಮುಗಿದು ನಾನು ಜಗಲಿಗೆ ಬಂದಾಗ ಮಾವ ಕೇಳಿದರು, "ನೆಟ್ಟು ಹೋಯ್ತಾ?"

"ಇಲ್ಲ ಮಾವ. ಆಟದಲ್ಲೇ ಸೋತ್ವಿ."

"ಹಂಗಾರೆ ಬುಡು," ಎಂದರು. ನನಗೂ ಹಾಗೇ ಅನ್ನಿಸಿತ್ತು. ಇಡೀ ರಾಜ್ಯದಲ್ಲಿ ನಮಗಿಂತ ಮುಂದೆ ಇದ್ದದ್ದು ಒಂದೇ ತಂಡ. ನಾವು ಐವರೂ ಕೊನೆಯ ಗಳಿಗೆಯವರೆಗೆ ಕಣದಲ್ಲಿದ್ದೆವು.

ಸುದ್ದಿಯನ್ನು ಹರಡಿದವರು ಅತ್ತೆ. ಕೆಲವು ದಿನಗಳಲ್ಲಿ ಹಂದನಕೆರೆಯಿಂದ ಅವರ ಅಕ್ಕನ ಫೋನ್ ಬಂತು. ಮೊಮ್ಮಗಳು ಮೊಬೈಲಿನಲ್ಲಿ ಪಾಠ ಕೇಳುವಾಗ ಮೇಡಂ ಮಾತು ತುಂಡು ತುಂಡಾಗಿ ಬರುತ್ತದಂತೆ, ನನ್ನನ್ನು ಕಳಿಸಲು ಆಗುತ್ತದೆಯೇ ಎಂದು. ನಮ್ಮ ಮನೆಯವರು ಬೈಕ್ ತೆಗೆದರು. ಅವರ ಮನೆಯ ಡಬ್ಬಿ ಕಬ್ಬಿಣದ ಬೀರುವಿನ ಹಿಂದೆ ಸಿಕ್ಕಿಕೊಂಡಿತ್ತು. ಈಚೆಗೆ ತಂದು ಗೋಡೆಗೆ ಹಾಕಿಸಿದೆ, ಸರಿಹೋಯಿತು. ಹೊರಡುವ ಮುಂಚೆ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಬಂದು, ಯಾರ ಮನೆಯವರು, ಏನು ಕೆಲಸವಾಗಿ ಬಂದಿರಿ ಎಂದು ನಮ್ಮ ಮನೆಯವರನ್ನು ವಿಚಾರಿಸಿದರು.

"ನಂದೇನಿಲ್ಲ ಯಜಮಾನ್ರೇ," ಎಂದರು ನಮ್ಮ ಮನೆಯವರು. "ಇವಳನ್ನ ನೆಟ್ ನೋಡಕ್ಕೆ ಕರೆಸಿದ್ರು. ನಾನು ಬಿಡಕ್ಕೆ ಬಂದಿದೀನಿ."