ಮಗ್ಗದ ಮನೆಗೆ ಕಟ್ಟಿದ ಸ್ಪೀಕರು

ನನ್ನ ಕೈ ಸುಮ್ಮನಿರುವ ಜಾತಿಯದ್ದಲ್ಲ. ಚಳ್ಳಕೆರೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು ಸಂಜೆ ಷಟರ್ ಎಳೆದು, ಮನೆಗೆ ಹೋಗಿ, ಉಂಡು ಮಲಗಬೇಕು. ನಾನು ಮೋಟಾರಿಗೆ ಸುತ್ತಿ ಉಳಿದ ತಾಮ್ರದ ತಂತಿಯಲ್ಲಿ ಸ್ಪೀಕರಿಗೆ ಕಾಯಿಲ್ ಸುತ್ತುತ್ತೇನೆ, ಪ್ಲೈವುಡ್ ಕೊಯ್ದು ಡಬ್ಬ ಕಟ್ಟುತ್ತೇನೆ. ಹೋಗಲಿ, ಕಟ್ಟಿದ್ದನ್ನು ಕೇಳುತ್ತಾ ಕೂರುತ್ತೇನಾ? ಅದೂ ಇಲ್ಲ. ಹಾಡು ಅರ್ಧಕ್ಕೆ ಬರುವುದರೊಳಗೆ ಎದ್ದು ಹಿಂಬದಿಯ ಸ್ಕ್ರೂ ಬಿಚ್ಚಿರುತ್ತೇನೆ. ನಮ್ಮ ಮನೆಯಲ್ಲಿ ಹಾಡಿಗೆ ಪಲ್ಲವಿ ಮಾತ್ರ ಇರುತ್ತದೆ, ಚರಣ ಇರುವುದಿಲ್ಲ ಎಂದು ನನ್ನ ಹೆಂಡತಿ ಬಂದವರೆದುರು ನನ್ನ ಮಾನ ಕಳೆಯುತ್ತಾಳೆ.

ಗೊತ್ತಿಲ್ಲದವರಿಗೆ ಇಷ್ಟು ಹೇಳಿಬಿಡುತ್ತೇನೆ. ಡಬ್ಬದೊಳಗಿನ ದೊಡ್ಡ ಸ್ಪೀಕರು, ಅಂದರೆ ವೂಫರು, ತಬಲ, ಗಂಡುದನಿ, ಗುಂ ಗುಂ ಎಲ್ಲ ನೋಡಿಕೊಳ್ಳುತ್ತದೆ. ಅಂಗೈಯಷ್ಟೂ ಇಲ್ಲದ ಟ್ವೀಟರ್ ಗೆಜ್ಜೆ, ತಾಳ, ಮಾತಿನೊಳಗಿನ ಸಕಾರ ಚಕಾರಗಳನ್ನು ನೋಡಿಕೊಳ್ಳುತ್ತದೆ. ಯಾವುದು ಯಾರ ಪಾಲಿಗೆ ಎಂದು ಹಂಚುವುದು ಕ್ರಾಸ್‌ಓವರು. ಒಂದು ಕಾಯಿಲು, ಒಂದು ಕೆಪ್ಯಾಸಿಟರು, ಅಷ್ಟೇ. ಆದರೆ ಟ್ವೀಟರ್ ಹುಟ್ಟಾ ಬಾಯಿಬಡುಕ. ಅದರ ದಾರಿಗೆ ಒಂದು ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ ತುಸು ಬಾಯಿ ಮುಚ್ಚಿಸಬೇಕು. ಎಷ್ಟು ಮುಚ್ಚಿಸಬೇಕು ಅನ್ನುವುದರಲ್ಲೇ ನನ್ನ ಆಯುಷ್ಯ ಹೋಗುತ್ತಿದೆ.

ಹೋದ ಬೇಸಿಗೆಯಲ್ಲಿ ಮೊಳಕಾಲ್ಮೂರಿನಿಂದ ಅತ್ತಿಗೆ ಫೋನು ಮಾಡಿದಳು. ಅಲ್ಲಿ ನಮ್ಮ ಅಪ್ಪನ ಮಗ್ಗದಲ್ಲಿ ಅಣ್ಣ ಇವತ್ತಿಗೂ ರೇಷ್ಮೆ ಸೀರೆ ನೇಯುತ್ತಾನೆ. ಮಗ್ಗ ಬಿಟ್ಟು ಓಡಿಬಂದವನು ನಾನು. ಅಣ್ಣ ಮಾತೇ ಆಡುವುದಿಲ್ಲ ಎಂದಳು. ಕೇಳಿದ್ದಕ್ಕೆ ಉತ್ತರವಿಲ್ಲವಂತೆ. ಎರಡನೇ ಸಲ ಕೇಳಿದರೆ ಏನು ಗೊಣಗುತ್ತೀಯ ಎಂದು ಎಗರಿ ಬೀಳುತ್ತಾನಂತೆ. ದನಿಯಲ್ಲಿ ಒಂದಿಷ್ಟೂ ಅಳು ಇಲ್ಲದೆ ಹೇಳಿದಳು, ಅದಕ್ಕೇ ನನಗೆ ಹೆದರಿಕೆಯಾಯಿತು.

"ಮಗ್ಗದ ಮ್ಯಾಲಿನ ಹಾಸು ಮುಗಿಯೋಗಂಟ ಇರ್ತೀನಪ್ಪ. ಆಮೇಲೆ ತಳಕಿಗೆ, ಮಗಳ ಮನೆಗೆ ಹೋಗ್ತೀನಿ. ತಿರುಗಿ ಬರಲ್ಲ."

ಹಾಸು ಅಂದರೆ ಮಗ್ಗಕ್ಕೆ ಏರಿಸಿದ ಉದ್ದನೆಯ ನೂಲು. ಕೊನೆಯ ಸೀರೆ ಇಳಿದರೆ ಅದು ಮುಗಿಯಿತು. ಅವಳು ಕೈಯಲ್ಲಿ ಕೆಲಸ ಹಿಡಿದು ಅರ್ಧಕ್ಕೆ ಬಿಡುವವಳಲ್ಲ, ಹೇಳಿದ ಮೇಲೆ ಹೋಗದೆ ಇರುವವಳೂ ಅಲ್ಲ. ಅಣ್ಣನಿಗೆ ಫೋನು ಹಚ್ಚಿದೆ. ಏನು ಕೇಳಿದರೂ ಹೂಂ, ಹೂಂ ಎಂದ. ಕೊನೆಗೆ, ಇವಳು ದಿನವಿಡೀ ಬೆನ್ನ ಹಿಂದೆ ಕೂತು ಒಳಗೊಳಗೇ ಶಾಪ ಹಾಕುತ್ತಾಳೆ, ಹೋಗುವುದಾದರೆ ಹೋಗಲಿ ಎಂದು ಇಟ್ಟುಬಿಟ್ಟ. ಅಮ್ಮ ಹೋದ ಮೇಲೆ ನನಗೆ ಅನ್ನ ಹಾಕಿ ಬೆಳೆಸಿದವರು ಅವರಿಬ್ಬರು. ಆ ಮನೆ ಒಡೆಯುತ್ತದೆ ಅಂದರೆ ಹೇಗೆ? ಅಂಗಡಿಯಲ್ಲಿ ಕೂತರೆ ಕೂತಂಗಿಲ್ಲ, ನಿಂತರೆ ನಿಂತಂಗಿಲ್ಲ.

ಗಂಡ ಹೆಂಡತಿಯ ನಡುವೆ ಪಂಚಾಯ್ತಿ ಮಾಡುವ ಬುದ್ಧಿ ನನಗಿಲ್ಲ. ಇರುವುದು ಒಂದೇ ವಿದ್ಯೆ. ಮನೆಯಲ್ಲಿ ಹಾಡು ಕೇಳಿಸಿದರೆ ಬಿಗಿದ ಮುಖಗಳು ಸಡಿಲವಾದಾವು ಎಂಬ ಹುಚ್ಚು ಧೈರ್ಯದಿಂದ ಎರಡು ಡಬ್ಬ ಕಟ್ಟಿ, ಆಂಪ್ಲಿಫೈಯರನ್ನು ಟವೆಲಿನಲ್ಲಿ ಸುತ್ತಿ, ಬಸ್ಸು ಹತ್ತಿದೆ. ತಳಕು ದಾಟುವಾಗ ಕಿಟಕಿಯಿಂದ ಆ ಕಡೆ ನೋಡಲೂ ಮನಸ್ಸಾಗಲಿಲ್ಲ.

ಹೋಗಿ ನೋಡಿದರೆ ಹಾಸು ತುದಿಗೆ ಬಂದಿತ್ತು. ಕೊನೆಯ ಸೀರೆಯ ಸೆರಗು ನಡೆಯುತ್ತಿತ್ತು. ಅಣ್ಣ ಮಗ್ಗ ನಿಲ್ಲಿಸಿ, ಬಾರಲೇ ಎಂದು ನಕ್ಕ. ಅತ್ತಿಗೆ ಅವನ ಬೆನ್ನ ಹಿಂದೆ, ಯಾವಾಗಿನ ಜಾಗದಲ್ಲೇ, ರಾಟೆ ತಿರುಗಿಸಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಗಲಿಲ್ಲ.

ಮೊದಲ ಹಾಡಿಗೇ ಅಣ್ಣ ತಲೆಯಾಡಿಸಿದ. ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ, ಮಾತು ಬಿಡಿಸಿ ಬರುತ್ತಿಲ್ಲ ಎಂದ. ಚಳ್ಳಕೆರೆಯಲ್ಲಿ ಗಂಟೆಯಂತೆ ಕೇಳಿದ ಸ್ಪೀಕರು! ನನಗೆ ಉರಿಯಿತು. ಆದರೂ ಹಿಂಬದಿ ಬಿಚ್ಚಿ, ರೆಸಿಸ್ಟರ್ ತೆಗೆದು ಅದಕ್ಕಿಂತ ಕಡಿಮೆ ತಡೆಯುವ ಚಿಕ್ಕದೊಂದನ್ನು ಬೆಸುಗೆ ಹಾಕಿದೆ. ಟ್ವೀಟರ್ ಬಾಯಿ ಸ್ವಲ್ಪ ತೆರೆಯಿತು. ಊಹೂಂ, ಮಬ್ಬು ಎಂದ. ಇನ್ನೂ ಚಿಕ್ಕದು ಹಾಕಿದೆ. ಕಿವಿ ಚುಚ್ಚುತ್ತಿದೆ, ಸಾಕು ಮಾಡಿ ಎಂದು ಅತ್ತಿಗೆ ಹಿಂದಿನಿಂದ ಹೇಳಿದಳು. ಅಣ್ಣ ಕತ್ತು ಕೂಡ ತಿರುಗಿಸಲಿಲ್ಲ. ಎಲಾ ಇವನ ಸೊಕ್ಕೇ, ಕಟ್ಟಿಕೊಂಡವಳು ಅಷ್ಟು ಹತ್ತಿರದಲ್ಲಿ ಮಾತಾಡಿದರೆ ಗೋಡೆ ಮಾತಾಡಿದಂತೆ ಕೂತಿದ್ದಾನಲ್ಲ ಎಂದು ನನ್ನ ಪಿತ್ತ ನೆತ್ತಿಗೇರಿತು. ಅತ್ತಿಗೆ ಹೇಳಿದ್ದೆಲ್ಲ ನಿಜ ಅನ್ನಿಸಿತು. ಆ ಸಿಟ್ಟಿನಲ್ಲೇ ರೆಸಿಸ್ಟರನ್ನು ಪೂರ್ತಿ ಕಿತ್ತು ತಂತಿಯನ್ನು ನೇರವಾಗಿ ಸೇರಿಸಿದೆ.

ಅದಕ್ಕೂ ಮಬ್ಬು ಎಂದ.

ಬಸ್ಸಿನ ಕುಲುಕಾಟಕ್ಕೆ ಟ್ವೀಟರೇ ಕೆಟ್ಟಿರಬೇಕು, ಅದೊಂದನ್ನೇ ಪರೀಕ್ಷಿಸೋಣ ಎಂದು ವೂಫರಿನ ತಂತಿ ಬಿಚ್ಚಿಟ್ಟು ಹಾಡು ಹಾಕಿದೆ. ಬರೀ ಟ್ವೀಟರು, ಲಂಗುಲಗಾಮಿಲ್ಲದೆ, ಚೀಂ ಚಿಸ್ ಎಂದು ಕೂಗಲು ಹತ್ತಿತು. ನನ್ನ ಹಲ್ಲು ಜುಮ್ಮೆಂದವು. ಅತ್ತಿಗೆ ರಾಟೆ ಬಿಟ್ಟು ಎರಡೂ ಕಿವಿಗೆ ಸೆರಗು ಒತ್ತಿಕೊಂಡಳು. ಅಣ್ಣ ಮಾತ್ರ ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಡಬ್ಬವನ್ನೇ ನೋಡುತ್ತಾ, ತಾಳ್ಮೆಯಿಂದ ಕಾಯುತ್ತಿದ್ದ.

"ಇನ್ನೂ ಹಾಕಿಲ್ವೇನಲೇ?" ಎಂದ.

ಬೆಸುಗೆಯ ಕಡ್ಡಿ ಕೈಯಲ್ಲೇ ಉಳಿಯಿತು. ಅತ್ತಿಗೆಯ ಕಡೆ ನೋಡಿದೆ. ಅವಳು ಸೆರಗು ಕೆಳಗಿಳಿಸಿ ಗಂಡನ ಬೆನ್ನನ್ನೇ ನೋಡುತ್ತಿದ್ದಳು.

ನಮ್ಮಂಥ ಮನೆಗಳಲ್ಲಿ ಮಾತ್ರ ಇಂಥ ಮೋಸ ನಡೆಯುತ್ತದೆ. ಮಗ್ಗ ಬಡಿಯುವಾಗ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ, ನೂಲು ಕಡಿದರೆ ಎರಡು ಬೆರಳ ಕತ್ತರಿ, ಮಿಕ್ಕಿದ್ದಕ್ಕೆಲ್ಲ ತುಟಿ ನೋಡಿ ತಿಳಿದುಕೊಳ್ಳುವುದು. ಕೂಸಾಗಿದ್ದಾಗಿನಿಂದ ನಾವು ಕಣ್ಣಿನಲ್ಲೇ ಕೇಳಿದವರು. ಅಣ್ಣನ ಕಿವಿ ಯಾವ ವರ್ಷ ಕೈಕೊಟ್ಟಿತೋ, ಎದುರಿಗೆ ನಿಂತು ಮಾತಾಡಿದ ಯಾರಿಗೂ ಗೊತ್ತಾಗಲಿಲ್ಲ. ಅವನಿಗೂ ಗೊತ್ತಾಗಲಿಲ್ಲ. ಗುಂ ಗುಂ ಉಳಿದಿತ್ತು, ಸಣ್ಣ ಸದ್ದುಗಳು ಹೋಗಿದ್ದವು. ಬೆನ್ನ ಹಿಂದೆ ಕೂತವಳೊಬ್ಬಳ ಮಾತು ಮಾತ್ರ ಬರೀ ಗೊಣಗಾಟವಾಗಿತ್ತು.

ಹೇಳಿದೆ. ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಟ್ವೀಟರ್ ಆಗಿನಿಂದ ಕೂಗುತ್ತಿದೆ, ಕೇಳದಿರುವುದು ನಿನಗೆ ಎಂದುಬಿಟ್ಟೆ. ಅಣ್ಣನ ಮುಖ ಕೆಂಪಾಯಿತು. ನಿನ್ನ ಡಬ್ಬ ಕೆಟ್ಟರೆ ನನ್ನ ಕಿವಿಗೆ ಯಾಕೆ ಬೈಯುತ್ತೀಯ, ಈಗ ನೀನು ಆಡಿದ ಮಾತೆಲ್ಲ ಕೇಳಲಿಲ್ಲವಾ ಎಂದು ಜೋರು ಮಾಡಿದ. ನಾನು ಹಾಡು ನಿಲ್ಲಿಸಿ, ಆಂಪ್ಲಿಫೈಯರ್ ಸುತ್ತಿದ್ದ ಟವೆಲನ್ನು ಬಾಯಿಗೆ ಅಡ್ಡ ಹಿಡಿದು, ಅದೇ ದನಿಯಲ್ಲಿ, ಚಿಕ್ಕಂದಿನಲ್ಲಿ ಸೈಕಲ್ ಮೇಲೆ ಕೂರಿಸಿಕೊಂಡು ಇಸ್ಕೂಲಿಗೆ ಬಿಡುತ್ತಿದ್ದೆಯಲ್ಲಣ್ಣಾ, ನೆನಪಿದೆಯಾ ಎಂದು ಕೇಳಿದೆ.

"ಏನಲೇ ಗೊಣಗ್ತೀಯಾ?" ಎಂದ.

ಅಂದವನೇ ಗಕ್ಕನೆ ತಡೆದ. ತನ್ನ ಬಾಯಿಂದ ಬಂದದ್ದು ಅವನಿಗೇ ತಾಕಿತು. ಟವೆಲು ಇಳಿಸಿದೆ. ಅವನು ನನ್ನನ್ನು ನೋಡಲಿಲ್ಲ. ಕೂತಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ. ಇಷ್ಟು ದಿನ ಅಲ್ಲಿ ಕೂತು ಏನು ಹೇಳುತ್ತಿದ್ದೆ ಎಂದು ಕೇಳಿದ.

"ಊಟಕ್ಕೆ ಏಳ್ರಿ ಅಂತಿದ್ದೆ," ಎಂದಳು ಅತ್ತಿಗೆ. "ಏಳ್ದೇ ಇದ್ದಾಗ ಬೈದೂ ಬೈದೆ."

ಅಣ್ಣ ಮುಂದಕ್ಕೆ ತಿರುಗಿ ಸೀರೆಯ ಮೇಲೆ ಅಂಗೈ ಆಡಿಸುತ್ತಾ ಕೂತ. ಅತ್ತಿಗೆ ಹೋಗುತ್ತಾಳೋ ಇರುತ್ತಾಳೋ ಎಂದು ಬಾಯಿಬಿಟ್ಟು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಸುಮ್ಮನೆ ಕೂರಲೂ ಆಗಲಿಲ್ಲ. ಸ್ಕ್ರೂಡ್ರೈವರ್ ಎತ್ತಿಕೊಂಡು, ಡಬ್ಬದೊಳಗೆ ತಲೆ ಹಾಕಿ, ನನಗೆ ಗೊತ್ತಿದ್ದ ಮಾತನ್ನೇ ಆಡಿದೆ. ಕಿವಿ ಡಾಕ್ಟರಿಗೆ ತೋರಿಸುವುದು ತೋರಿಸೋಣ. ಅಲ್ಲಿಯವರೆಗೆ ದೊಡ್ಡ ಕೆಪ್ಯಾಸಿಟರ್ ಹಾಕಿ ಟ್ವೀಟರನ್ನು ಇನ್ನಷ್ಟು ಕೆಳಗಿನ ಸ್ವರದಿಂದಲೇ ಹಾಡಿಸಿದರೆ, ರೆಸಿಸ್ಟರೂ ಬಿಟ್ಟರೆ, ಅಣ್ಣನಿಗೆ ಮಾತು ತುಸುವಾದರೂ ಬಿಡಿಸಿ ಕೇಳಬಹುದು. ಆದರೆ ಜೊತೆಗಿರುವವರಿಗೆ ಅದು ಸೂಜಿ ಚುಚ್ಚಿದಂತಿರುತ್ತದೆ. ಯಾರ ಕಿವಿಗೆ ಹೊಂದಿಸಲಿ, ಹೇಳಿಬಿಡಿ ಎಂದೆ.

ರಾಟೆಯ ಹತ್ತಿರದಿಂದ ಅತ್ತಿಗೆಯ ದನಿ ಬಂತು. "ಅವರಿಗೆ ಕೇಳೋಹಂಗೆ ಮಾಡಪ್ಪ. ನಾನು ಕಿವಿಗೆ ಹತ್ತಿ ಇಟ್ಕಂತೀನಿ."

ನಾನು ತಲೆ ಎತ್ತಲಿಲ್ಲ. ಕಣ್ಣು ಮಂಜಾಗಿ ಸ್ಕ್ರೂ ಕಾಣಿಸುತ್ತಿರಲಿಲ್ಲ. ಅವಳು ಏನಂದಳು ಎಂದು ಅಣ್ಣ ನನ್ನನ್ನು ಕೇಳಿದ. ನೀನೇ ಕೇಳು ಎಂದೆ. ಅತ್ತಿಗೆ ಎದ್ದು, ಮಗ್ಗ ಸುತ್ತಿ ಬಂದು, ಅವನ ಎದುರಿಗೆ ನಿಂತು, ಅದನ್ನೇ ಇನ್ನೊಂದು ಸಲ ಹೇಳಿದಳು. ಅಣ್ಣ ಅವಳ ತುಟಿಯನ್ನೇ ನೋಡಿದ.

"ಹತ್ತಿ ಯಾಕೆ?" ಎಂದ. "ಮನೇಲಿ ರೇಷ್ಮೆ ಐತಲ್ಲ."