ಸುಮ್ಮನಿರುವ ಇಪ್ಪತ್ತು ಸೆಕೆಂಡು

ನಮ್ಮಕ್ಕನಿಗೆ ಸುಮ್ಮನೆ ಕೂರೋಕೆ ಬರಲ್ಲ. ಇದೇನು ಹೊಗಳಿಕೆ ಅಲ್ಲ. ಮೂವತ್ತೊಂದು ವರ್ಷ ಒಂದೇ ಟೈಲರ್ ಅಂಗಡಿಯಲ್ಲಿ ಅವಳ ಎದುರು ಕೂತವಳು ನಾನು, ಅನುಭವಿಸಿ ಹೇಳ್ತಿದೀನಿ. ಕತ್ತರಿಸೋದು, ಹೊಲಿಯೋದು ಅವಳು. ಗುಂಡಿ, ಇಸ್ತ್ರಿ ನಂದು. ಕೋಟಿನ ಕಾಜಾ ಮಾತ್ರ, ಅಂದ್ರೆ ಗುಂಡಿ ತೂರಿಸೋ ಸೀಳಿನ ಅಂಚಿಗೆ ಕೈಯಲ್ಲಿ ಹಾಕೋ ಹೊಲಿಗೆ, ನನಗೆ ಯಾವತ್ತೂ ಬಿಟ್ಟುಕೊಡಲಿಲ್ಲ. "ನೀನು ಹಾಕಿದ ಕಾಜಾ ನೋಡಿದ್ರೆ ಗುಂಡಿಗೇ ಅಳು ಬರುತ್ತೆ ಕಣೇ" ಅನ್ನೋಳು.

ನಾಲ್ಕು ವರ್ಷದ ಹಿಂದೆ ಅವಳ ಬಲಗೈ ಬೆರಳು ಜೋಮು ಹಿಡಿಯೋಕೆ ಶುರುವಾಯ್ತು. ಕೆಲಸ ಜಾಸ್ತಿಯಾಗಿ ಹೀಗೆ ಅಂದ್ಕೊಂಡ್ವಿ. ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದ್ರು. ವೈರಿನ ಮೇಲಿನ ಪ್ಲಾಸ್ಟಿಕ್ ಅಲ್ಲಲ್ಲಿ ಸುಲಿದುಹೋದ ಹಾಗೆ ಮಿದುಳಿನ ನರಗಳ ಹೊದಿಕೆ ಕಿತ್ತುಹೋಗುತ್ತಂತೆ. ಕೈಗೆ ಹೋಗಬೇಕಾದ ಸುದ್ದಿ ಅರ್ಧ ದಾರಿಯಲ್ಲೇ ನಿಲ್ಲುತ್ತಂತೆ. ಸೂಜಿ ಅವಳ ಬೆರಳಲ್ಲಿ ನಿಲ್ಲದೇ ಹೋಯ್ತು. ಕಾಜಾ ಕೊನೆಗೂ ನನ್ನ ಕೈಗೆ ಬಂತು.

ಹಾಗಂತ ಅಂಗಡಿಗೆ ಬರೋದು ಬಿಟ್ಟಳಾ? ದಿನಾ ಬಂದು ತನ್ನ ಮಿಷನ್ ಮುಂದೆ ಕೂತು ನನ್ನ ಕೈಯನ್ನೇ ನೋಡೋಳು. "ಎಳೆ ಬಿಗಿ ಆಯ್ತು ನೋಡು." ಐದು ನಿಮಿಷಕ್ಕೆ ಮತ್ತೆ, "ಎಳೆ ಬಿಗಿ ಆಯ್ತು." ಒಂದಿನ ರೇಗಿಹೋಯ್ತು. "ಅಷ್ಟು ಗೊತ್ತಿದ್ರೆ ನೀನೇ ಹಾಕು" ಅಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನನ್ನನ್ನ ನಾನೇ ಬೈಕೋತೀನಿ.

ಆಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಇಂಥ ರೋಗಿಗಳಿಗೆ ಎಂಟು ವಾರ ಕೈ ವ್ಯಾಯಾಮ ಮಾಡಿಸಿ, ಮೊದಲೂ ಆಮೇಲೂ ಮಿದುಳಿನ ಚಿತ್ರ ತೆಗೆದು, ಏನಾದರೂ ಬದಲಾಗುತ್ತಾ ನೋಡೋ ಸಂಶೋಧನೆ. ನಡೆಸೋ ಮೇಡಂ ಒಳ್ಳೆಯವರು, ಸುಳ್ಳು ಹೇಳೋರಲ್ಲ. "ಕೈ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ. ಮೊದಲ ಚಿತ್ರ ಸರಿಯಾಗಿ ಬಂದರೆ ಮಾತ್ರ ವ್ಯಾಯಾಮಕ್ಕೆ ಸೇರಿಸ್ಕೋತೀವಿ" ಅಂದ್ರು. ಅಕ್ಕ ಮೊದಲನೇ ಮಾತು ಕೇಳಿಸ್ಕೊಳ್ಳಲೇ ಇಲ್ಲ ಅನ್ಸುತ್ತೆ. ಅವತ್ತೇ, ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕ್ಕೊಳ್ಳೋ ತನ್ನ ಬೆಳ್ಳಿ ಬೆರಳುಟೋಪಿ ಉಜ್ಜಿ ಫಳಫಳ ಮಾಡಿಟ್ಟಳು.

ಚಿತ್ರ ತೆಗೆಸೋ ಕೆಲಸ ಸುಲಭ. ಕೊಳವೆಯಂಥ ಮಿಷನ್ ಒಳಗೆ ಅಲ್ಲಾಡದೆ ಮಲಗಬೇಕು. ಕಣ್ಣೆದುರು ಹಸಿರು ಬಂದಾಗ ಇಪ್ಪತ್ತು ಸೆಕೆಂಡು ಬೆರಳು ತಟ್ಟಬೇಕು, ಕೆಂಪು ಬಂದಾಗ ಇಪ್ಪತ್ತು ಸೆಕೆಂಡು ಸುಮ್ಮನಿರಬೇಕು. ಎರಡರ ವ್ಯತ್ಯಾಸವೇ ಅವರಿಗೆ ಬೇಕಾದ ಲೆಕ್ಕ.

ವ್ಯತ್ಯಾಸವೇ ಬರಲಿಲ್ಲ. ಮೇಡಂ ಚಿತ್ರ ನೋಡಿ ನೋಡಿ ಕೇಳಿದ್ರು, "ಕೆಂಪು ಬಂದಾಗ ಏನು ಮಾಡ್ತಿದ್ರಿ?"

"ಏನೂ ಇಲ್ಲ. ಸುಮ್ನೆ ಮಲಗಿದ್ದೆ."

"ಮನಸ್ಸಲ್ಲಿ?"

ಅಕ್ಕ ನನ್ನ ಕಡೆ ನೋಡಿದಳು. "ಕಾಜಾ ಹಾಕ್ತಿದ್ದೆ" ಅಂದಳು, ಕದ್ದು ಸಿಕ್ಕಿಬಿದ್ದೋಳ ಹಾಗೆ.

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಸುಮ್ನೆ ಹೇಳ್ತಾರಾ. ಕೈ ಆಡಿಸದೆ ಮನಸ್ಸಲ್ಲಿ ಹೊಲಿದರೂ ಮಿದುಳಲ್ಲಿ ಕೈಯ ಜಾಗ ಎಚ್ಚರವಾಗುತ್ತಂತೆ. ಇನ್ನೊಂದು ಸಲ ತೆಗೀತೀವಿ, ಅದೂ ಹೀಗೇ ಆದರೆ ಸೇರಿಸ್ಕೊಳ್ಳೋಕೆ ಆಗಲ್ಲ ಅಂದ್ರು ಮೇಡಂ.

ಮನೆಗೆ ಬರೋ ದಾರಿಯಲ್ಲಿ ಬಸ್ಸಲ್ಲೇ ಬೈದೆ. "ಸುಮ್ಮನಿರಲಾರದೆ ಇರುವೆ ಬಿಟ್ಕೊಂಡ್ರಂತೆ. ಇಪ್ಪತ್ತು ಸೆಕೆಂಡು ಕಣೇ ಅಕ್ಕ."

"ಸೂಜಿ ತಾನಾಗೇ ಬಂದುಬಿಡುತ್ತೆ. ಏನು ಮಾಡ್ಲಿ?"

ಮನೆಯಲ್ಲಿ ಅಭ್ಯಾಸ ಮಾಡಿಸಿದೆ. ಆಕಾಶ ನೆನೆಸ್ಕೋ ಅಂದ್ರೆ ಅದಕ್ಕೂ ಬಟ್ಟೆಯ ಅಳತೆ ಹಿಡಿಯೋಳು. ಕೊನೆಗೆ ನನಗೇ ಹೊಳೀತು. ಅಂಗಡಿಯಲ್ಲಿ ಕರೆಂಟ್ ಹೋದಾಗ ಮಿಷನ್ ನಿಲ್ಲುತ್ತೆ, ಕತ್ತಲಲ್ಲಿ ಸೂಜಿಯೂ ಕಾಣಲ್ಲ. ಮೊದಲೆಲ್ಲ ಆಗ ಮಾತ್ರ ಅವಳು ಎರಡೂ ಕೈ ಮಡಿಲಲ್ಲಿಟ್ಟು ಕೂತಿರ್ತಿದ್ದಳು. "ಕೆಂಪು ಬಂದ್ರೆ ಕರೆಂಟ್ ಹೋಯ್ತು ಅಂದ್ಕೋ" ಅಂದೆ.

ಎರಡನೇ ಸಲ ಚಿತ್ರ ಅಚ್ಚುಕಟ್ಟಾಗಿ ಬಂತು. ಸೋಮವಾರದಿಂದ ವ್ಯಾಯಾಮ ಅಂದ್ರು ಮೇಡಂ. ನನಗೆ ಕುಣಿಯೋ ಹಾಗಾಯ್ತು. ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಚಪ್ಪಲಿ ಹಾಕ್ಕೊಳ್ಳದೆ ಅಳ್ತಿದ್ದಳು.

"ಈಗೇನಾಯ್ತೇ? ಪಾಸಾದೆಯಲ್ಲ."

"ಹೋದ ಸಲ ಆ ಕೊಳವೆಯೊಳಗೆ ನನ್ನ ಕೈ ಓಡ್ತಿತ್ತು ಕಣೇ. ಮೊದಲಿನ ಹಾಗೇ. ಎಳೆ ಒಂಚೂರು ಸಡಿಲ ಇಲ್ಲ, ಬಿಗಿ ಇಲ್ಲ. ನಾಲ್ಕು ವರ್ಷ ಆದಮೇಲೆ ಸಿಕ್ಕಿತ್ತು. ಇವತ್ತು ಅದನ್ನೂ ನಾನೇ ನಿಲ್ಲಿಸಿ ಬಂದೆ."

ಬಗ್ಗಿ ಅವಳ ಕಾಲಿಗೆ ಚಪ್ಪಲಿ ಹಾಕಿದೆ.

ಮಾರನೇ ದಿನ ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದ್ರು, ಹಳೇ ಗಿರಾಕಿ. ಅವರ ಕೋಟಿಗೇ ನಾನು ಕಾಜಾ ಹಾಕ್ತಿದ್ದೆ. ಅಕ್ಕ ಮಿಷನ್ ಮುಂದೆ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು.

"ಏನಮ್ಮ, ಸುಮ್ನೆ ಕೂತುಬಿಟ್ಟಿದೀರಿ?"

"ಕರೆಂಟ್ ಹೋಗಿದೆ ಮೇಷ್ಟ್ರೇ" ಅಂದಳು ಅಕ್ಕ.

ಮೇಷ್ಟ್ರು ತಲೆ ಮೇಲೆ ತಿರುಗ್ತಿದ್ದ ಫ್ಯಾನ್ ನೋಡಿದ್ರು, ನನ್ನ ನೋಡಿದ್ರು.

"ಬರುತ್ತೆ. ಎಂಟು ವಾರ ಆಗುತ್ತೆ" ಅಂದೆ ನಾನು, ತಲೆ ಎತ್ತದೆ. ಯಾರೂ ಕೊಡದ ಮಾತನ್ನ ನಾನು ಕೊಟ್ಟುಬಿಟ್ಟಿದ್ದೆ.

ಇನ್ನೊಂದು ಹೊಲಿಗೆ ಎಳೆದೆ. ಆಮೇಲೆ ಎದುರಿಂದ ಮೆಲ್ಲಗೆ ಕೇಳಿಸ್ತು, "ಎಳೆ ಬಿಗಿ ಆಯ್ತು ನೋಡು."

ಬಿಚ್ಚಿ ಮತ್ತೆ ಹಾಕಿದೆ.